ಕಾಫಿಗೆ ವರ್ಷಕ್ಕೊಂದು ಕೊಯ್ಲು, ಬ್ಯಾಂಕಿಗೆ ಹನ್ನೆರಡು ಕಂತು

"ಸ್ಯಾಲರಿ ಸ್ಲಿಪ್ ತಂದಿದ್ದೀರಾ ಯಜಮಾನ್ರೇ?"

ಮನೆ ಕಟ್ಟೋಕೆ ಸಾಲ ಕೇಳಲು ಹೋದಾಗ ನಮ್ಮ ಅಪ್ಪನಿಗೆ ಎದುರಾದ ಮೊದಲ ಪ್ರಶ್ನೆ ಇದು. ಅಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪಹಣಿ, ಆಧಾರ್, ಕಾಫಿ ಮಾರಿದ ಚೀಟಿಗಳು. "ನಮ್ದು ಎರಡೆಕ್ರೆ ಕಾಫಿ ಸರ್. ದುಡ್ಡು ಬರೋದು ವರ್ಷಕ್ಕೊಂದ್ಸಲ" ಅಂದರು.

ಅಧಿಕಾರಿ ನಮ್ಮ ಕಡೆ ತಿರುಗಿದರು. "ನೀವೇನು ಕೆಲ್ಸ ಮಾಡ್ತೀರಿ?" ಪತ್ರಿಕೆಗೆ ಸುದ್ದಿ ಕಳಿಸ್ತೀವಿ, ಸುದ್ದಿಗೆ ಇಷ್ಟು ಅಂತ ಕೊಡ್ತಾರೆ ಅಂದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಸ್ವಲ್ಪ ಕಷ್ಟ" ಅಂದರು.

ಅವರು ಕೆಟ್ಟವರಲ್ಲ. ಕುಡಿಯಲು ನೀರು ಕೊಟ್ಟರು, ಕೂರಿಸಿ ಮಾತಾಡಿದರು. ಅವರ ಮುಂದಿದ್ದ ಅರ್ಜಿ ನಮಗೆಂದು ಮಾಡಿದ್ದಲ್ಲ, ಅಷ್ಟೇ. ಆ ಅರ್ಜಿ ತಿಂಗಳಿಗೊಮ್ಮೆ ಸಂಬಳ ಬರುವವನಿಗೆ, ಲೇಔಟಿನಲ್ಲಿ ಸೈಟು ಇರುವವನಿಗೆ, ಮಳೆ ಬಂದರೆ ಒಂದು ವಾರ ಕೆಲಸ ನಿಲ್ಲುವ ಊರಿನವನಿಗೆ ಮಾಡಿದ್ದು. ಕಳಸ, ಕುದುರೆಮುಖ, ಬಾಳೂರು, ಕೊಟ್ಟಿಗೆಹಾರದ ಕಡೆಯವರಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಸಾಲ ಮನ್ನಾ ಮಾಡಿ ಅಂತ ನಾವು ಈ ಬರಹದಲ್ಲಿ ಕೇಳುತ್ತಿಲ್ಲ. ಬಡ್ಡಿ ಬಿಡಿ ಅಂತಲೂ ಕೇಳುತ್ತಿಲ್ಲ. ಕಾಫಿ ಬೆಳೆಯುವವನ ಮನೆ ಸಾಲದ ಕಂತು ಕಾಫಿಯ ಲೆಕ್ಕದಲ್ಲೇ ಇರಬೇಕು, ಹಣ ಬಿಡುವ ಲೆಕ್ಕ ನಮ್ಮ ಮಳೆಯ ಲೆಕ್ಕದಲ್ಲಿರಬೇಕು. ನಮ್ಮ ಜಗಳ ಇಷ್ಟಕ್ಕೆ.

ಮನೆ ಇದೆ, ಕಾಗದದಲ್ಲಿ ಮನೆ ಇಲ್ಲ

ಮೊದಲು ಜಾಗದ ಕಾಗದದ ಕಥೆ. ಅರ್ಧ ಜನ ಇಲ್ಲೇ ಸೋತು ವಾಪಸ್ ಬರುವುದು.

ಬ್ಯಾಂಕು ಕೇಳುವುದು ಗ್ರಾಮ ಪಂಚಾಯಿತಿಯ ನಮೂನೆ 9 ಮತ್ತು 11ಎ. 2013ರಿಂದ ಇವು ಇ-ಸ್ವತ್ತು ತಂತ್ರಾಂಶದಲ್ಲಿ ಬರುತ್ತವೆ. ಜಾಗ ಗ್ರಾಮಠಾಣಾದಲ್ಲಿರಬೇಕು, ಇಲ್ಲವೇ ಭೂಪರಿವರ್ತನೆ ಆಗಿರಬೇಕು, ಇಲ್ಲವೇ ಸರ್ಕಾರದ ವಸತಿ ಯೋಜನೆಯ ನಿವೇಶನ ಆಗಿರಬೇಕು. ಉಳಿದವರಿಗೆ ಸಿಕ್ಕರೆ 11ಬಿ. ಅದನ್ನು ನೋಡಿದರೆ ಬಹಳಷ್ಟು ಬ್ಯಾಂಕುಗಳು ಫೈಲನ್ನೇ ಮುಚ್ಚುತ್ತವೆ.

ಬಯಲುಸೀಮೆಯಲ್ಲಿ ಗೋಡೆಗೆ ಗೋಡೆ ತಾಗಿದ ಊರುಗಳಿವೆ, ಗ್ರಾಮಠಾಣಾ ಇದೆ. ನಮ್ಮಲ್ಲಿ ಊರು ಅಂದರೆ ಈ ಗುಡ್ಡಕ್ಕೊಂದು ಮನೆ, ಆ ಗುಡ್ಡಕ್ಕೊಂದು ಮನೆ. ತೋಟದ ನಡುವೆ ಅಜ್ಜ ಕಟ್ಟಿದ ಹಂಚಿನ ಮನೆ. ಕಾಗದದಲ್ಲಿ ಅದು ಇಂದಿಗೂ ಬರೀ ಕೃಷಿ ಜಮೀನು.

ತಮಾಷೆ ನೋಡಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 95ರ ಪ್ರಕಾರ ರೈತ ತನ್ನ ಜಮೀನಿನಲ್ಲಿ, ಹಿಡುವಳಿಯ ಶೇ. 10ರ ಮಿತಿಯೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ಕಾನೂನು "ಕಟ್ಟಿಕೋ" ಅನ್ನುತ್ತದೆ. ಬ್ಯಾಂಕು "ಕನ್ವರ್ಷನ್ ಆರ್ಡರ್ ತಾ" ಅನ್ನುತ್ತದೆ.

ಸರಿ, ಕನ್ವರ್ಷನ್ ಮಾಡಿಸೋಣ ಅಂತ ಹೊರಟರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಬೇಕು. ಚಿಕ್ಕಪ್ಪಂದಿರೆಲ್ಲ ಸಹಿ ಹಾಕಬೇಕು, ಮದುವೆಯಾಗಿ ಹೋದ ಅತ್ತೆಯಂದಿರೂ ಬರಬೇಕು. ಆಮೇಲೆ ಪೋಡಿ. ಅದಕ್ಕೆ 11ಇ ನಕ್ಷೆ. ಸರ್ವೆಯವರು ಬರುವ ದಿನ ಮಳೆ ಬಂದರೆ ಮುಂದಿನ ದಿನಾಂಕ. ನೋಂದಣಿ ಕಚೇರಿಯ ಕೆಲಸಕ್ಕೆ ಕಳಸದಿಂದ ಮೂಡಿಗೆರೆ ಬಸ್ಸು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಂದೆ ಹೋಗಿ, ಸರ್ವರ್ ಇಲ್ಲ ಅನ್ನಿಸಿಕೊಂಡು ಅದೇ ಬಸ್ಸಿನಲ್ಲಿ ವಾಪಸ್ ಬಂದ ದಿನಗಳನ್ನು ನಾವು ಲೆಕ್ಕ ಇಟ್ಟಿಲ್ಲ. ನಮ್ಮ ಕಾಗದ ಸರಿಯಾಗುವ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು.

ನಮ್ಮದು ಅದೃಷ್ಟದ ಫೈಲು. ಸರ್ವೆ ನಂಬರಿನ ಮೇಲೆ ಅರಣ್ಯದ ಹೆಸರು ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೆಕ್ಷನ್ 4, ಡೀಮ್ಡ್ ಅರಣ್ಯ, ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ: ಈ ಪದಗಳು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಎರಡು ಇಲಾಖೆಗಳು ಒಂದು ಗೆರೆಗೆ ಜಗಳವಾಡುತ್ತಾ ಕೂತರೆ ನಡುವೆ ಇರುವ ಮನೆಗೆ ಯಾವ ಬ್ಯಾಂಕೂ ಕೈ ಹಾಕುವುದಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು 94ಸಿ ಅಡಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಲೇ ಇದ್ದಾರೆ.

ತೋಟದ ಲೈನ್ ಮನೆಗಳಲ್ಲಿ ಮೂರು ತಲೆಮಾರು ಕಳೆದವರಿಗೆ ಈ ಸಾಲಿನಲ್ಲಿ ನಿಲ್ಲುವ ಭಾಗ್ಯವೂ ಇಲ್ಲ. ಅವರಿಗೆ ಜಾಗವೇ ಇಲ್ಲ. ಕುದುರೆಮುಖದಲ್ಲಿ ಇದನ್ನೇ ದೊಡ್ಡದಾಗಿ ನೋಡಿದ್ದೇವೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಅದಿರು ಗಣಿಗಾರಿಕೆ ನಿಂತಾಗ ಕಂಪನಿಯ ಕ್ವಾರ್ಟರ್ಸ್‌ನಲ್ಲಿದ್ದವರು ಬೀಗ ಕೊಟ್ಟು ಹೊರಟರು. ಎಷ್ಟು ವರ್ಷ ಬಾಳಿದರೂ ಆ ಗೋಡೆ ಅವರ ಹೆಸರಿಗೆ ಆಗಿರಲಿಲ್ಲ. ಇರುವ ಮನೆ ಬೇರೆ, ಹೆಸರಿನ ಮನೆ ಬೇರೆ ಅನ್ನುವುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು, ಯಾರೂ ಹೇಳದ್ದು. ಬ್ಯಾಂಕುಗಳು ಕೋರ್ಟಿಗೆ ಹೋಗದೆ ಆಸ್ತಿ ಜಪ್ತಿ ಮಾಡಲು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ ಅಂತ ಅದೇ ಕಾಯ್ದೆಯ ಕಲಂ 31 ಹೇಳುತ್ತದೆ. ನೀವು ಮನೆ ಸಾಲಕ್ಕಾಗಿ ಕನ್ವರ್ಷನ್ ಮಾಡಿಸಿದ ತುಂಡು ಕೃಷಿ ಜಮೀನಾಗಿ ಉಳಿಯುವುದಿಲ್ಲ. ಆ ರಕ್ಷಣೆಯನ್ನು ನೀವೇ ಫೀಸು ಕಟ್ಟಿ ತೆಗೆಸಿದಂತೆ. ಅದನ್ನು ತಿಳಿದೇ ಸಹಿ ಹಾಕಿ.

ಮಳೆಗಾಲಕ್ಕೂ ಬಡ್ಡಿ

ಸಾಲ ಮಂಜೂರಾಯಿತು ಅಂತ ಊರೆಲ್ಲ ಹೇಳಿಕೊಂಡು ಬಂದೆವು. ಹಣ ಒಟ್ಟಿಗೆ ಬರುವುದಿಲ್ಲ ಅಂತ ಆಮೇಲೆ ಸರಿಯಾಗಿ ಅರ್ಥವಾಯಿತು. ಪಾಯಕ್ಕೊಂದು ಭಾಗ, ಲಿಂಟಲ್ ಮಟ್ಟಕ್ಕೊಂದು, ಮೇಲ್ಛಾವಣಿಗೊಂದು, ಕೊನೆಯ ಕೆಲಸಕ್ಕೊಂದು. ಒಂದು ಹಂತ ಮುಗಿಸಿ ಫೋಟೋ ಕಳಿಸಬೇಕು, ಇಂಜಿನಿಯರ್ ಬಂದು ನೋಡಿ ವರದಿ ಕೊಡಬೇಕು, ಆಮೇಲೆ ಮುಂದಿನ ಭಾಗ. ಅಂದರೆ ಪ್ರತಿ ಹಂತಕ್ಕೂ ಮೊದಲು ನಿಮ್ಮ ಕೈಯಿಂದ ಹಾಕಬೇಕು. ಕೈಯಲ್ಲಿ ಇದ್ದಿದ್ದರೆ ಸಾಲಕ್ಕೆ ಯಾಕೆ ಹೋಗುತ್ತಿದ್ದೆವು?

ಬೆಂಗಳೂರಿನಲ್ಲಿ ಇದು ನಡೆಯುತ್ತದೆ. ಅಲ್ಲಿ ಹತ್ತು ತಿಂಗಳು ಕೆಲಸ ಮಾಡಬಹುದು. ಕುದುರೆಮುಖದ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಜೂನ್‌ನಲ್ಲಿ ಶುರುವಾದರೆ ದಸರಾ ಹೊತ್ತಿಗೂ ಪಾಯದ ಗುಂಡಿಯಲ್ಲಿ ನೀರು. ನವೆಂಬರ್‌ನಿಂದ ಮೇ ತನಕ ಸಿಗುವ ಏಳು ತಿಂಗಳಲ್ಲಿ ಮೊದಲ ನಾಲ್ಕು ತಿಂಗಳು ಕಾಫಿ ಕೊಯ್ಲು. ಅರೇಬಿಕಾ ಮುಗಿಯುತ್ತಲೇ ರೋಬಸ್ಟಾ. ಆಗ ಮೇಸ್ತ್ರಿ ಸಿಕ್ಕರೂ ಆಳು ಸಿಗುವುದಿಲ್ಲ. ಮನೆ ಕಟ್ಟಲು ಸರಿಯಾಗಿ ಉಳಿಯುವುದು ಮಾರ್ಚ್, ಏಪ್ರಿಲ್, ಮೇ.

ನಮ್ಮ ಮನೆ ಮೇ ಕೊನೆಗೆ ಲಿಂಟಲ್ ಮಟ್ಟಕ್ಕೆ ಬಂತು. 10 ಲಕ್ಷದ ಸಾಲದಲ್ಲಿ 5 ಲಕ್ಷ ಕೈಗೆ ಬಂದಿತ್ತು. ಮಳೆ ಹಿಡಿಯಿತು. ಶೇ. 9ರ ಬಡ್ಡಿಯಲ್ಲಿ 5 ಲಕ್ಷಕ್ಕೆ ತಿಂಗಳಿಗೆ 3,750 ರೂಪಾಯಿ. ಜೂನ್‌ನಿಂದ ಅಕ್ಟೋಬರ್ ತನಕ ಐದು ತಿಂಗಳಿಗೆ 18,750. ಆ ಐದು ತಿಂಗಳಲ್ಲಿ ಗೋಡೆ ಒಂದು ಇಂಚೂ ಏಳಲಿಲ್ಲ. ಏರಿದ್ದು ಪಾಚಿ ಮಾತ್ರ.

ಅಂದಾಜು ಪಟ್ಟಿಯ ಕಥೆ ಇನ್ನೊಂದು. ಪೇಟೆಯ ಇಂಜಿನಿಯರ್ ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ನಮ್ಮಲ್ಲಿ ಮನೆ ಕಟ್ಟುವ ಮೊದಲು ಧರೆ ಕಡಿದು ಜಾಗ ಸಮ ಮಾಡಬೇಕು, ಹಿಂದುಗಡೆ ತಡೆಗೋಡೆ ಕಟ್ಟಬೇಕು, ನೀರು ಹೋಗಲು ಚರಂಡಿ ತೆಗೆಯಬೇಕು. ಜಲ್ಲಿ, ಮರಳಿನ ಲಾರಿ ಘಟ್ಟ ಹತ್ತಬೇಕು. ಕೆಲವು ಕಡೆ ರಸ್ತೆಯಿಂದ ಮನೆ ತನಕ ತಲೆಹೊರೆ. ಇದಾವುದೂ ಚದರಡಿಯಲ್ಲಿ ಬರುವುದಿಲ್ಲ. ತಡೆಗೋಡೆ ಬಿಟ್ಟು ಮನೆ ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜಾರಿದಾಗ ಕಂಡವರು ನಾವು. ಧರೆ ಕುಸಿಯುವ ಸದ್ದು ಕೇಳಿದವನಿಗೆ ತಡೆಗೋಡೆ ಶೋಕಿ ಅಲ್ಲ.

ಸರ್ಕಾರದ ಕಣ್ಣಿಗೂ ಈ ಗುಡ್ಡ ಕಾಣುವುದಿಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಹಿಮಾಲಯದ ಮತ್ತು ಈಶಾನ್ಯದ ಗುಡ್ಡಗಾಡು ರಾಜ್ಯಗಳಿಗೆ ಒಂದು ಮನೆಗೆ 1.30 ಲಕ್ಷ, ಬಯಲು ಪ್ರದೇಶಕ್ಕೆ 1.20 ಲಕ್ಷ. ಕರ್ನಾಟಕ ಬಯಲಿನ ಲೆಕ್ಕದಲ್ಲಿದೆ. ಹಾಗಾಗಿ ಕುದುರೆಮುಖದ ಬುಡದಲ್ಲಿ ಮನೆ ಕಟ್ಟುವವನೂ ಬಯಲಿನವನೇ.

ತಿಂಗಳ ಕಂತು ಯಾರಿಗಾಗಿ?

ಈಗ ಮುಖ್ಯ ವಿಷಯಕ್ಕೆ ಬರೋಣ.

10 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 9,000 ಕಂತು. ವರ್ಷಕ್ಕೆ 1 ಲಕ್ಷದ 8 ಸಾವಿರ. 20 ವರ್ಷಕ್ಕೆ ಒಟ್ಟು 21 ಲಕ್ಷ 59 ಸಾವಿರ. ಈ ಒಟ್ಟು ಮೊತ್ತವನ್ನು ಒಂದು ಸಲ ಗಟ್ಟಿಯಾಗಿ ಓದಿ.

ಕಾಫಿ, ಮೆಣಸು ಮಾರಿದ ಮೇಲೆ ಮಾರ್ಚ್‌ನಲ್ಲಿ ಒಂದೇ ಸಲ 1 ಲಕ್ಷದ 8 ಸಾವಿರ ಕಟ್ಟಿ ಅಂದರೆ ಕಟ್ಟಬಹುದಾದ ಮನೆಗಳು ನಮ್ಮಲ್ಲಿ ಬಹಳ ಇವೆ. ಅದೇ ಮನೆಯವರಿಗೆ ಜುಲೈನಲ್ಲಿ 9,000 ಹೊಂದಿಸುವುದು ಕಷ್ಟ. ಆಗ ಮಕ್ಕಳ ಶಾಲೆ ಶುರುವಾಗಿರುತ್ತದೆ, ಗೊಬ್ಬರ ಹಾಕಿರುತ್ತೇವೆ, ಕೂಲಿ ಕೆಲಸವೂ ಮಳೆಗೆ ನಿಂತಿರುತ್ತದೆ. ಕಂತು ಬಾಕಿಯಾಗಿ 90 ದಿನ ದಾಟಿದರೆ ಖಾತೆ ಎನ್‌ಪಿಎ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕಂತು ತಪ್ಪಿದವನು ಅಕ್ಟೋಬರ್‌ನಲ್ಲಿ ಸುಸ್ತಿದಾರ. ಗಿಡದ ತುಂಬ ಕಾಯಿ ಇರುತ್ತದೆ. ನವೆಂಬರ್‌ನಲ್ಲಿ ಅದು ಹಣ್ಣಾಗುತ್ತದೆ. ಅಷ್ಟರೊಳಗೆ ಬ್ಯಾಂಕಿನ ಪುಸ್ತಕದಲ್ಲಿ ಅವನ ಹೆಸರು ಕೆಟ್ಟಿರುತ್ತದೆ. ಸರ್ಫೇಸಿ ನೋಟಿಸು ಬಂದರೆ ಬಾಕಿ ತೀರಿಸಲು 60 ದಿನ.

ಅದೇ ಬ್ಯಾಂಕು, ಅದೇ ಶಾಖೆ, ಕೆಲವು ಕಡೆ ಅದೇ ಮೇಜು, ಅದೇ ರೈತನಿಗೆ ಬೆಳೆ ಸಾಲ ಕೊಡುವಾಗ ಕೊಯ್ಲು ಮುಗಿಸಿ ಕಟ್ಟಿ ಅನ್ನುತ್ತದೆ. ಕಾಫಿ ಸಾಲಕ್ಕೆ ಗೊತ್ತಿರುವ ಕಾಫಿಯ ತಿಂಗಳು ಮನೆ ಸಾಲಕ್ಕೆ ಯಾಕೆ ಗೊತ್ತಿಲ್ಲ?

"ನಿಯಮದಲ್ಲಿ ಅವಕಾಶ ಇಲ್ಲ" ಅಂತ ಉತ್ತರ ಬರುತ್ತದೆ. ಈ ಯೋಚನೆ ನಿಯಮಕ್ಕೆ ಹೊಸದಲ್ಲ. ವಸೂಲಾಗದ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಒಂದು ಮಾತಿದೆ: ಇಂದಿರಾ ಆವಾಸ್ ಯೋಜನೆ ಮತ್ತು ಗೋಲ್ಡನ್ ಜೂಬಿಲಿ ಗ್ರಾಮೀಣ ವಸತಿ ಸಾಲ ಯೋಜನೆಯಲ್ಲಿ ಕೃಷಿಕರಿಗೆ ಕೊಟ್ಟ ಮನೆ ಸಾಲದ ಬಡ್ಡಿ ಮತ್ತು ಕಂತನ್ನು ಬೆಳೆಯ ಕಾಲಕ್ಕೆ ಹೊಂದಿಸಬೇಕು. ಮನೆ ಸಾಲದ ಕಂತು ಬೆಳೆಗೆ ಹೊಂದಬೇಕು ಅಂತ ರಿಸರ್ವ್ ಬ್ಯಾಂಕೇ ಹಿಂದೆ ಒಪ್ಪಿದ ಮಾತು. ಎರಡು ಹಳೆಯ ಯೋಜನೆಗಳಿಗೆ ಸರಿ ಅನ್ನಿಸಿದ್ದು ಕೃಷಿಕನ ಎಲ್ಲ ಮನೆ ಸಾಲಕ್ಕೂ ಸರಿ ಅಲ್ಲವೇ?

"ನಿಯಮ ಎಲ್ಲರಿಗೂ ಒಂದೇ" ಅನ್ನುವವರಿಗೆ

ಬ್ಯಾಂಕಿನವರ ಮಾತಿನಲ್ಲೂ ಹುರುಳಿದೆ. ಅದು ಠೇವಣಿ ಇಟ್ಟವರ ಹಣ, ನಮ್ಮ ನಿಮ್ಮ ಅಜ್ಜಿಯಂದಿರ ಹಣವೂ ಅದರಲ್ಲಿದೆ. ಕಾಗದ ಸರಿ ಇಲ್ಲದ ಜಾಗಕ್ಕೆ ಸಾಲ ಕೊಟ್ಟು ಮುಳುಗಿದರೆ ಯಾರು ಹೊಣೆ? ವರ್ಷಕ್ಕೊಂದು ಕಂತು ಅಂದರೆ, ಒಂದು ವರ್ಷ ಬೆಳೆ ಹೋದರೆ ಇಡೀ ವರ್ಷದ ಹಣ ನಿಲ್ಲುತ್ತದೆ. ಒಪ್ಪಿದೆವು.

ಆದರೆ ಬೆಳೆ ಹೋದ ವರ್ಷ ತಿಂಗಳ ಕಂತೂ ನಿಲ್ಲುತ್ತದೆ. ತಿಂಗಳ ಕಂತಿಗೆ ಒಪ್ಪಿಸಿದ ಮಾತ್ರಕ್ಕೆ ಗಿಡ ತಿಂಗಳಿಗೊಮ್ಮೆ ಹಣ್ಣು ಬಿಡುವುದಿಲ್ಲ. ಬ್ಯಾಂಕಿಗೆ ಭದ್ರತೆ ಸಿಗುವುದು ಸಾಲಗಾರನ ಕೈಯಲ್ಲಿ ಹಣ ಇರುವ ದಿನ ಬಾಗಿಲು ತೆರೆದಿಟ್ಟರೆ. ಬರಿಗೈ ದಿನ ನೋಟಿಸು ಕೊಟ್ಟರೆ ಅಲ್ಲ.

ಬ್ಯಾಂಕು ಬೇಡ ಅಂದ ಮಾತ್ರಕ್ಕೆ ಜನ ಮನೆ ಕಟ್ಟುವುದನ್ನು ಬಿಡುವುದೂ ಇಲ್ಲ. ಕಾಫಿ ವ್ಯಾಪಾರಿಯ ಹತ್ತಿರ ಮುಂಗಡ ತಗೊಳ್ಳುತ್ತಾರೆ, ಆಮೇಲೆ ಅವನು ಹೇಳಿದ ಬೆಲೆಗೆ ಚೀಲ ಹಾಕುತ್ತಾರೆ. ಒಡವೆ ಅಡ ಇಡುತ್ತಾರೆ. ಮಹಿಳಾ ಸಂಘದ ಹೆಸರಿನಲ್ಲಿ ಮೂರು ಕಡೆ ಮೈಕ್ರೋ ಫೈನಾನ್ಸ್ ಎತ್ತಿ ವಾರದ ಕಂತಿಗೆ ಓಡುತ್ತಾರೆ. ಆ ವಸೂಲಿಯ ಕಿರುಕುಳ ಎಷ್ಟಿತ್ತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಶೇ. 9ಕ್ಕೆ ಸಿಗಬೇಕಾದ ಸಾಲದ ಬಾಗಿಲು ಮುಚ್ಚಿದ್ದಕ್ಕೆ ಜನ ದುಬಾರಿ ಬಾಗಿಲು ತಟ್ಟಿದರು.

ತಪ್ಪು ನಮ್ಮಲ್ಲೂ ಇದೆ. ಅಜ್ಜ ಸತ್ತು ಮೂವತ್ತು ವರ್ಷವಾದರೂ ಪೌತಿ ಖಾತೆಗೆ ಹೋಗದವರು ನಾವೇ. ಅಣ್ಣತಮ್ಮಂದಿರ ಜಗಳಕ್ಕೆ ಪೋಡಿ ನಿಲ್ಲಿಸಿದವರೂ ನಾವೇ. ಸಾಲ ಬೇಕಾದ ದಿನ ಕಾಗದ ನೆನಪಾದರೆ ಆಗುವುದಿಲ್ಲ. ಈ ವರ್ಷ ಮನೆ ಕಟ್ಟುವ ಯೋಚನೆ ಇಲ್ಲದಿದ್ದರೂ ಈಗಲೇ ನಾಡಕಚೇರಿಗೆ ಹೋಗಿ ಬನ್ನಿ.

ನಾಳೆ ಬ್ಯಾಂಕಿಗೆ ಹೋಗುವವರು ಇಷ್ಟು ಕೇಳಿ

ನಿಯಮ ಬದಲಾಗುವ ತನಕ, ಇರುವ ನಿಯಮವನ್ನಾದರೂ ಪೂರ್ತಿ ಬಳಸೋಣ.

ಸಹಿ ಹಾಕುವ ಮೊದಲು ಕೆಎಫ್‌ಎಸ್ ಅನ್ನುವ ಹಾಳೆ ಕೇಳಿ. ಸಾಲದ ಬಡ್ಡಿ, ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ, ಕಂತಿನ ಪಟ್ಟಿ ಎಲ್ಲ ಅದರಲ್ಲಿರಬೇಕು. 2024ರ ಅಕ್ಟೋಬರ್ 1ರಿಂದ ಇದು ಕಡ್ಡಾಯ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನಮ್ಮ ಭಾಷೆ ಕನ್ನಡ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ.

ಬಡ್ಡಿ ಶುರುವಾಗಬೇಕಾದ್ದು ಹಣ ನಿಮ್ಮ ಕೈ ಸೇರಿದ ದಿನದಿಂದ, ಮಂಜೂರಾದ ದಿನದಿಂದ ಅಲ್ಲ. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿ, ಹೆಚ್ಚು ತೆಗೆದುಕೊಂಡದ್ದನ್ನು ವಾಪಸ್ ಕೊಡಲು ಸೂಚಿಸಿದೆ. ಪಾಸ್‌ಬುಕ್ಕಿನ ದಿನಾಂಕ ನೋಡಿಕೊಳ್ಳಿ.

ಬದಲಾಗುವ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಯೊಬ್ಬರು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಇದು ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ಅಸಲಿಗೆ ಒಂದಿಷ್ಟು ಹೆಚ್ಚು ಕಟ್ಟಿ. "ಇದನ್ನು ಅಸಲಿಗೇ ಜಮಾ ಮಾಡಿ" ಅಂತ ಬರೆದು ಕೊಡಿ.

ಬಡ್ಡಿ ದರ ಏರಿದಾಗ ಕೇಳದೇ ವರ್ಷ ಎಳೆಯುವಂತಿಲ್ಲ. ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಅಂತ ಆರಿಸುವ ಹಕ್ಕು 2023ರಲ್ಲೇ ಸಾಲಗಾರನಿಗೆ ಸಿಕ್ಕಿದೆ.

ಸಾಲ ತೀರಿದ 30 ದಿನದೊಳಗೆ ಮೂಲ ಪತ್ರಗಳು ವಾಪಸ್ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ದೂರನ್ನು ಮೊದಲು ಬ್ಯಾಂಕಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. 30 ದಿನ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಫೋನ್ 14448. ಊರಿನ ಸಹಕಾರ ಸಂಘದ ಸಾಲಕ್ಕೆ ಈ ದಾರಿ ಇಲ್ಲ, ಅಲ್ಲಿ ಸಹಕಾರ ಇಲಾಖೆಯ ಬಾಗಿಲು.

ನಾವು ಕೇಳುವುದು ಮೂರು

ಒಂದು, ಕೃಷಿಕನ ಮನೆ ಸಾಲಕ್ಕೆ ವರ್ಷದ ಅಥವಾ ಆರು ತಿಂಗಳ ಕಂತಿನ ಆಯ್ಕೆ ಪ್ರತಿ ಶಾಖೆಯಲ್ಲೂ ಇರಲಿ. ಅರ್ಜಿಯಲ್ಲೇ ಒಂದು ಚೌಕ ಇರಲಿ: ಸಂಬಳವೋ, ಬೆಳೆಯೋ.

ಎರಡು, ಮಲೆನಾಡಿನಲ್ಲಿ ಮೇಲ್ಛಾವಣಿಯ ಹಣ ಮಳೆಗೆ ಮೊದಲೇ ಬಿಡುಗಡೆಯಾಗಲಿ. ತಡೆಗೋಡೆ ಅಂದಾಜು ಪಟ್ಟಿಯಲ್ಲಿ ಸೇರಲಿ.

ಮೂರು, ಕಲಂ 95ರ ತೋಟದ ಮನೆಗೆ ಪಂಚಾಯಿತಿ ಒಂದು ದಾಖಲೆ ಕೊಡಲಿ, ಬ್ಯಾಂಕು ಅದನ್ನು ಒಪ್ಪಲಿ. ಜಂಟಿ ಸರ್ವೆಗೆ ಒಂದು ಕೊನೆಯ ದಿನ ಇರಲಿ.

ಇದನ್ನೆಲ್ಲ ಶಾಖೆಯ ಮ್ಯಾನೇಜರ್ ಒಬ್ಬರೇ ಮಾಡಲಾರರು, ನಮಗೆ ಗೊತ್ತು. ಆದರೆ ಜಿಲ್ಲೆಯಲ್ಲಿ ಲೀಡ್ ಬ್ಯಾಂಕ್ ಸಭೆ ನಡೆಯುತ್ತದೆ, ಬ್ಯಾಂಕಿನವರೂ ಜಿಲ್ಲಾಡಳಿತವೂ ಒಂದೇ ಕಡೆ ಕೂರುತ್ತಾರೆ. ಬೆಳೆಗಾರರ ಸಂಘಗಳು ಗೊಬ್ಬರ, ಆನೆ, ಬೆಲೆ ಅಂತ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಲಿ. ಗ್ರಾಮಸಭೆಯಲ್ಲಿ ನೀವೂ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ನಮ್ಮ ಮನೆ ಇನ್ನೂ ಲಿಂಟಲ್ ಮಟ್ಟದಲ್ಲೇ ಇದೆ. ಛಾವಣಿ ಹಾಕಿ ಫೋಟೋ ಕಳಿಸಿದರೆ ಮುಂದಿನ ಹಣ ಬಿಡುತ್ತೇವೆ ಅಂತ ಬ್ಯಾಂಕಿನವರು ಹೇಳಿದ್ದಾರೆ. ಛಾವಣಿಗೆ ಹಣ ಹೊಂದಿಸಲು ಅಮ್ಮ ಕಳೆದ ವಾರ ಸರ ಬಿಚ್ಚಿ ಕೊಟ್ಟರು. ಅದನ್ನು ಅಡ ಇಟ್ಟಿದ್ದು ಅದೇ ಬ್ಯಾಂಕಿನಲ್ಲಿ. ಅರ್ಧ ಗಂಟೆಯಲ್ಲಿ ಹಣ ಸಿಕ್ಕಿತು. ಸ್ಯಾಲರಿ ಸ್ಲಿಪ್ ಯಾರೂ ಕೇಳಲಿಲ್ಲ.